ಬಕ್ರೀದ್‌ಗೆ ಮಾರದೆ ಉಳಿಸಿಕೊಂಡ ಟಗರು

2018ರ ಆಗಸ್ಟ್‌ನಲ್ಲಿ ನಮ್ಮ ಕೊಟ್ಟಿಗೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಟಗರುಮರಿಯನ್ನು ಮಾರಿದೆವು. ಒಂಬತ್ತು ತಿಂಗಳ ಮರಿ. ಮೋಟು ಕಾಲು, ಹಲಗೆಯಂಥ ಅಗಲ ಬೆನ್ನು, ತುಂಬಿದ ತೊಡೆ. ಬಕ್ರೀದ್‌ಗೆ ಅಂತ ಬೆಂಗಳೂರಿನಿಂದ ಬಂದವರು 26 ಸಾವಿರ ಎಣಿಸಿ ಕೊಟ್ಟರು. ಮಗಳ ಶಾಲೆ ಫೀಸು ಕಟ್ಟಿದೆವು, ಸೊಸೈಟಿ ಸಾಲ ಒಂದಷ್ಟು ತೀರಿತು. ಮನೆಯಲ್ಲಿ ಎಲ್ಲರಿಗೂ ಖುಷಿ. ಸಂಜೆ ಕುರಿಗಳಿಗೆ ನೀರಿಡುವಾಗ ಅತ್ತೆ ಮಾತ್ರ ಒಂದು ಮಾತು ಕೇಳಿದರು: “ಈಗ ಹೆಣ್ಗಳ್ನ ಯಾವ ಟಗರಿಗೆ ಬುಡ್ತೀಯವ್ವ?”

ಉಳಿದಿದ್ದ ಗಂಡು ಒಂದೇ. ಬಂದ ವ್ಯಾಪಾರದವರು ಯಾರೂ ಮುಟ್ಟಿ ಸಹ ನೋಡದ ಸಣಕಲು ಮರಿ. ಆ ವರ್ಷ ನಮ್ಮ ಎಂಟು ಕುರಿಗಳೂ ಅದಕ್ಕೇ ಗಬ್ಬವಾದವು.

ನಮ್ಮದು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕು. ನಾವು ಸಾಕುವುದು ಬಂಡೂರು ಕುರಿ. ಬಂಡೂರು ಹಳ್ಳಿ ಇರುವುದೂ ಇದೇ ತಾಲ್ಲೂಕಿನಲ್ಲಿ. ಅಂಗಡಿ ಬೋರ್ಡುಗಳಲ್ಲಿ ‘ಬನ್ನೂರು ಕುರಿ’ ಅಂತ ಬರೆದಿರುವುದು, ಸರ್ಕಾರದ ಪಟ್ಟಿಯಲ್ಲಿ ‘ಮಂಡ್ಯ’ ತಳಿ ಅಂತ ಇರುವುದು ಎಲ್ಲ ಈ ಕುರಿಯನ್ನೇ. ಮೈ ಬಿಳಿ, ಮುಖ ಕಂದು, ಕಿವಿ ಜೋಲು, ಕೊಂಬಿಲ್ಲ. ಬೆಳೆದ ಟಗರು ಸುಮಾರು 35 ಕಿಲೋ ತೂಗುತ್ತದೆ, ಹೆಣ್ಣು 25ರ ಆಸುಪಾಸು. ದೊಡ್ಡ ಕುರಿಯೇನಲ್ಲ. ಆದರೆ ಮಾಂಸದ ನಡುವೆ ಎಳೆಎಳೆಯಾಗಿ ಕೊಬ್ಬು ಸೇರಿರುತ್ತದೆ, ಬೇಗ ಬೇಯುತ್ತದೆ. ಅದಕ್ಕೇ ಈ ಬೆಲೆ.

ಬೆಲೆ ಇದ್ದರೆ ತಳಿ ತಾನಾಗಿ ಉಳಿಯುತ್ತದೆ ಅಂತ ನಾನೂ ನಂಬಿದ್ದೆ. ಸಾಕುವವರಿಗೆ ದುಡ್ಡು ಸಿಗದಿದ್ದರೆ ಯಾವ ತಳಿಯೂ ಉಳಿಯುವುದಿಲ್ಲ, ಅದು ನಿಜ. ಆದರೆ ನಮ್ಮ ಕುರಿಗೆ ಬೆಲೆಯಿಂದಲೇ ಒಂದು ಕಷ್ಟ ಬಂದಿದೆ. ಬಕ್ರೀದ್‌ಗೆ ಕೊಳ್ಳುವವರು ಊನವಿಲ್ಲದ, ಮೈ ತುಂಬಿದ ಟಗರನ್ನೇ ಹುಡುಕುತ್ತಾರೆ. ಬೀಜಕ್ಕೆ, ಅಂದರೆ ಮರಿ ಹುಟ್ಟಿಸಲು ಹೆಣ್ಣುಗಳಿಗೆ ಬಿಡುವುದಕ್ಕೆ, ಬೇಕಾದ್ದೂ ಅದೇ ಟಗರು. ಕಾಲವೂ ಒಟ್ಟಿಗೇ ಬೀಳುತ್ತದೆ. ಮುಂಗಾರಿಗೆ ಹುಲ್ಲು ಚಿಗುರಿದ ಮೇಲೆ, ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ನಮ್ಮ ಕುರಿಗಳು ಹೆಚ್ಚಾಗಿ ಬೆದೆಗೆ ಬರುತ್ತವೆ. ಈ ಕೆಲವು ವರ್ಷಗಳಿಂದ ಹಬ್ಬವೂ ಅದೇ ಹೊತ್ತಿಗೆ ಇಲ್ಲವೇ ಸ್ವಲ್ಪ ಮುಂಚೆ ಬರುತ್ತಿದೆ. ಮನೆಮನೆಯಲ್ಲೂ ಮೊದಲು ಹೋಗುವುದು ಮೊದಲನೇ ನಂಬರಿನ ಟಗರು, ಆಮೇಲೆ ಎರಡನೆಯದು. ಬೀಜಕ್ಕೆ ನಿಲ್ಲುವುದು ಯಾರಿಗೂ ಬೇಡವಾದದ್ದು. ಹತ್ತು ವರ್ಷ ಹೀಗೇ ನಡೆದರೆ ತಳಿ ಏನಾಗಬೇಡ?

ಆ ಸಣಕಲು ಟಗರಿನ ಮರಿಗಳನ್ನು ನೋಡಿ ಮನಸ್ಸು ಕೆಟ್ಟಿತು. 2019ರಲ್ಲಿ ಸಂತೆಯಿಂದ ಒಂದು ಟಗರು ತಂದೆ. ‘ಅಪ್ಪಟ ಬಂಡೂರು’ ಅಂದಿದ್ದರು. ಮೈ ಚೆನ್ನಾಗಿತ್ತು, ಮುಖದ ಬಣ್ಣ ಸರಿಯಾಗಿತ್ತು. ಆದರೆ ಅದರ ಮರಿಗಳಿಗೆ ನಾಲ್ಕು ತಿಂಗಳಾಗುವಷ್ಟರಲ್ಲಿ ಕಾಲು ಉದ್ದ ಬೆಳೆಯಿತು, ಎದೆ ಕಿರಿದಾಯಿತು. ಹಿಂದೆ ಎಲ್ಲೋ ಬೇರೆ ಕುರಿ ಬೆರೆತಿತ್ತು. ಆ ವರ್ಷದ ಒಂದು ಹೆಣ್ಣುಮರಿಯನ್ನೂ ಇಟ್ಟುಕೊಳ್ಳಲಾಗಲಿಲ್ಲ, ಎಲ್ಲವನ್ನೂ ಮಾಂಸಕ್ಕೆ ಕೊಟ್ಟೆ. ಒಂದು ಇಡೀ ವರ್ಷ ಹಾಳಾಯಿತು.

ಅದಾದ ಮೇಲೆ ಟಗರು ನೋಡುವ ರೀತಿಯನ್ನೇ ಬದಲಾಯಿಸಿಕೊಂಡೆ. ಮುಖದ ಬಣ್ಣ ಕೊನೆಗೆ ನೋಡುತ್ತೇನೆ. ಮೊದಲು ಹಿಂದೆ ನಿಲ್ಲುತ್ತೇನೆ. ಹಿಂಗಾಲುಗಳ ನಡುವಿನ ಜಾಗ ಲಾಳವನ್ನು ಬೋರಲು ಹಾಕಿದ ಹಾಗೆ ಅಗಲವಾಗಿ, ದುಂಡಾಗಿ ಕಾಣಬೇಕು. ಕಿರಿದಾಗಿ ಚೂಪಾಗಿ ಕಂಡರೆ ಬೇಡ. ಆಮೇಲೆ ಬೆನ್ನ ಮೇಲೆ ಅಂಗೈ ಊರಬೇಕು. ಉಣ್ಣೆ ದಟ್ಟವಾಗಿದ್ದರೆ ಕಣ್ಣು ಮೋಸ ಹೋಗುತ್ತದೆ, ಕೈ ಹೋಗುವುದಿಲ್ಲ. ಎರಡು ವೃಷಣವೂ ಕೆಳಗೆ ಇಳಿದಿದ್ದು ಸಮವಾಗಿರಬೇಕು. ಬಾಯಿ ತೆರೆದು ಕೆಳಗಿನ ಹಲ್ಲು ಮೇಲಿನ ವಸಡಿಗೆ ಸರಿಯಾಗಿ ಕೂರುತ್ತದಾ ನೋಡಬೇಕು. ಇಷ್ಟೆಲ್ಲ ಸರಿಯಿದ್ದರೂ ಅದರ ತಾಯಿಯನ್ನು ನೋಡದೆ ದುಡ್ಡು ಕೊಡುವುದಿಲ್ಲ. ಆ ಟಗರಿಗೆ ಹುಟ್ಟಿದ ಮರಿಗಳು ನೋಡಲು ಸಿಕ್ಕರೆ ಇನ್ನೂ ಒಳ್ಳೆಯದು. ನಮ್ಮ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರ ಇದೆ. ಹೊಸದಾಗಿ ಸಾಕುವವರು ಮೊದಲು ಅಲ್ಲಿಗೆ ಹೋಗಿ ಈ ಕುರಿಯನ್ನು ಕಣ್ತುಂಬ ನೋಡಿ ಬನ್ನಿ. ನಾನು ಸಂತೆಗೆ ಹೋಗುವ ಮೊದಲೇ ಆ ಕೆಲಸ ಮಾಡಬೇಕಿತ್ತು.

ಸರಿಯಾದ ಟಗರು ಕೊನೆಗೂ ಸಿಕ್ಕಿತು, ನಾಲ್ಕು ಕಿಲೋಮೀಟರ್ ದೂರದ ಊರಿನಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ. ಆಕೆ ಮೂರು ಕುರಿ ಬಿಟ್ಟು ನಾಲ್ಕನೆಯದನ್ನು ಸಾಕಿದವರಲ್ಲ. ಅಗಸೆ ಸೊಪ್ಪು, ಹಲಸಿನ ಸೊಪ್ಪು, ಒಂದು ಹಿಡಿ ಹುರುಳಿ, ಅಷ್ಟೇ ಮೇವು. ನಮ್ಮ ಕಡೆ ಈ ತಳಿ ಇವತ್ತಿಗೂ ಉಳಿದಿರುವುದು ಜಾಸ್ತಿ ಇಂಥ ಮನೆಗಳಿಂದ. ಎರಡೋ ಮೂರೋ ಕುರಿಯನ್ನು ಜಗಲಿ ಪಕ್ಕ ಕಟ್ಟಿಕೊಂಡು ಮಕ್ಕಳ ಹಾಗೆ ನೋಡಿಕೊಳ್ಳುವ ಹೆಂಗಸರಿಂದ.

ಒಳ್ಳೆಯ ಟಗರು ಸಿಕ್ಕ ಮೇಲೆ ಬೇರೆ ತಪ್ಪು ಮಾಡಿದೆ. ಅದರ ಮೇಲಿನ ಪ್ರೀತಿಗೆ ಮೂರು ವರ್ಷ ಅದನ್ನೇ ಇಟ್ಟುಕೊಂಡೆ. ಅಷ್ಟರಲ್ಲಿ ಅದರ ಹೆಣ್ಣುಮರಿಗಳೇ ಬೆದೆಗೆ ಬಂದವು. ಆ ಟಗರಿಗೆ ಅದರದೇ ಮಗಳಲ್ಲಿ ಹುಟ್ಟಿದ ಒಂದು ಮರಿಗೆ ಕೆಳದವಡೆ ಗಿಡ್ಡ. ಮೊಲೆ ಚೀಪಲು ಒದ್ದಾಡಿತು. ಸೀಸೆಯಲ್ಲಿ ಹಾಲು ಕುಡಿಸಿ ಹನ್ನೊಂದು ದಿನ ಉಳಿಸಿಕೊಂಡೆವು, ಆಮೇಲೆ ಆಗಲಿಲ್ಲ. ಆ ಮರಿಯ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ.

ಪಶುವೈದ್ಯರೊಬ್ಬರು ಆಗ ಒಂದು ಲೆಕ್ಕ ಹೇಳಿಕೊಟ್ಟರು. ಟಗರುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಅದನ್ನು 4ರಿಂದ ಗುಣಿಸಿ, ಒಟ್ಟು ತಲೆಯೆಣಿಕೆಯಿಂದ ಭಾಗಿಸಬೇಕು. 20 ಹೆಣ್ಣು, ಒಂದು ಟಗರು ಇದ್ದರೆ ಉತ್ತರ ಹತ್ತಿರ ಹತ್ತಿರ 4. ಕೊಟ್ಟಿಗೆಯಲ್ಲಿ 21 ಕುರಿ ಕಂಡರೂ ರಕ್ತದ ಲೆಕ್ಕದಲ್ಲಿ ಅದು ನಾಲ್ಕೇ ಕುರಿ ಇದ್ದ ಹಾಗೆ. ಅದೇ 20 ಹೆಣ್ಣಿಗೆ 4 ಟಗರು ಇದ್ದರೆ 13 ದಾಟುತ್ತದೆ. ಹೆಣ್ಣುಕುರಿ ಎಷ್ಟು ಕೂಡಿಹಾಕಿದರೂ ಸಾಲದು, ಟಗರುಗಳು ಹೆಚ್ಚಬೇಕು.

ಆದರೆ ಒಂದು ಮನೆಯಲ್ಲಿ ನಾಲ್ಕು ಟಗರು ಇಡಲು ಯಾರಿಗೆ ಆಗುತ್ತದೆ? ನಾಲ್ಕು ಮನೆಯವರು ಕೂತು ಮಾತಾಡಿದೆವು. ಅಜ್ಜಿಯ ಮಗ, ನಮ್ಮ ಭಾವ, ಪಕ್ಕದ ಊರಿನ ಒಬ್ಬ ಅಣ್ಣ ಮತ್ತು ನಾವು. ಮನೆಗೊಂದು ಟಗರು. ಎರಡು ವರ್ಷಕ್ಕೊಮ್ಮೆ ಅದು ಮುಂದಿನ ಮನೆಗೆ ಹೋಗಬೇಕು, ಹಿಂದಿನ ಮನೆಯದು ಇಲ್ಲಿಗೆ ಬರಬೇಕು. ದಿಕ್ಕು ಯಾವಾಗಲೂ ಒಂದೇ. ಹೆಣ್ಣುಮರಿ ಹುಟ್ಟಿದ ಮನೆಯಲ್ಲೇ ಉಳಿಯುತ್ತದೆ. ಹೀಗಾದರೆ ಮಗಳು ಬೆದೆಗೆ ಬರುವ ಹೊತ್ತಿಗೆ ಅಪ್ಪ ಆ ಕೊಟ್ಟಿಗೆಯಲ್ಲಿ ಇರುವುದಿಲ್ಲ.

ಇದನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ದುಡ್ಡಿನ ವಿಷಯಕ್ಕೆ ಬಂದಾಗ ಮಾತು ನಿಂತಿತು. “ನನ್ನ ಮರೀಗೆ 30 ಸಾವ್ರ ಕೊಡ್ತೀನಿ ಅಂತ ಬಾಗಿಲಲ್ಲೇ ನಿಂತವ್ರೆ ಕಣಕ್ಕ. ನಾನೊಬ್ನೇ ಯಾಕೆ ಲಾಸ್ ಮಾಡ್ಕೋಬೇಕು?” ಅಂದರು ಆ ಅಣ್ಣ. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಎರಡು ಮೂರು ಸಲ ಸೇರಿದ ಮೇಲೆ ಒಂದು ದಾರಿ ಹೊಳೆಯಿತು. ಬೀಜಕ್ಕೆ ಅಂತ ಆರಿಸಿದ ಟಗರಿಗೆ ಹಬ್ಬದಲ್ಲಿ ಬಂದ ಬೆಲೆಯನ್ನು ಬರೆದಿಡುತ್ತೇವೆ. ಅದನ್ನು ನಾಲ್ಕು ಭಾಗ ಮಾಡಿ, ಮೂರು ಮನೆಯವರು ತಮ್ಮ ಭಾಗವನ್ನು ಟಗರಿನ ಮನೆಗೆ ಕೊಡುತ್ತೇವೆ. ತಮ್ಮ ಮನೆಯ ಎರಡನೇ ನಂಬರಿನ ಮರಿ ಮಾರಿದ ದುಡ್ಡಿನಿಂದ ಕೊಟ್ಟರಾಯಿತು. ತಳಿ ಉಳಿಸುವ ಮಾತಾಡುವವರು ಮೊದಲು ಈ ದುಡ್ಡಿನ ಮಾತು ಬಗೆಹರಿಸಿಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸುಮ್ನೆ ಅಭಿಮಾನದ ಮೇಲೆ ಯಾರೂ 30 ಸಾವಿರ ಬಿಡುವುದಿಲ್ಲ, ಬಿಡಬೇಕು ಅಂತ ಕೇಳುವುದೂ ನ್ಯಾಯವಲ್ಲ.

ಮಿಕ್ಕಿದ್ದೆಲ್ಲ ಕುರಿ ಸಾಕುವವರಿಗೆ ಗೊತ್ತಿರುವುದೇ. ಮಳೆಗೆ ಮುಂಚೆ ಕರುಳುಬೇನೆ ಲಸಿಕೆ, ಪಿಪಿಆರ್ ಅನ್ನುವ ಅಂಟುರೋಗಕ್ಕೆ ಲಸಿಕೆ, ಹೊತ್ತಿಗೆ ಸರಿಯಾಗಿ ಜಂತುಹುಳು ಔಷಧಿ. ಟಗರಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರ ಬೇಕು. ಮಾರುವ ಟಗರಿಗೆ ತಿನ್ನಿಸಿದ ಹಾಗೆ ಬೀಜದ ಟಗರಿಗೆ ತಿನ್ನಿಸಬಾರದು. ಈ ತಳಿ ಬಲು ಬೇಗ ಕೊಬ್ಬುತ್ತದೆ, ಕೊಬ್ಬಿದರೆ ಹೆಣ್ಣನ್ನು ಹತ್ತುವುದಿಲ್ಲ. ನಾನು ದಿನಾ ಎರಡು ಗಂಟೆ ಬದುವಿನ ಮೇಲೆ ನಡೆಸುತ್ತೇನೆ. ಬೆದೆಯ ಕಾಲಕ್ಕೆ ಮೂರು ವಾರ ಮುಂಚಿನಿಂದ ನೆನೆಸಿದ ಹುರುಳಿ ಕೊಡುತ್ತೇನೆ.

ಒಂದು ಉದ್ದದ ಲೆಕ್ಕದ ಪುಸ್ತಕ ಇಟ್ಟಿದ್ದೇವೆ. ಮರಿ ಹುಟ್ಟಿದ ದಿನ, ತಾಯಿ ಯಾವುದು, ತಂದೆ ಯಾವುದು, ಹುಟ್ಟಿದಾಗ ಎಷ್ಟು ತೂಕ, ಮೂರು ತಿಂಗಳಿಗೆ ಎಷ್ಟು. ಬರೆಯುವವಳು ಮಗಳು. ಕುರಿ ಗಬ್ಬ ಹೊರುವುದು 150 ದಿನ. ಟಗರು ಬಿಟ್ಟ ದಿನ ಬರೆದಿಟ್ಟರೆ ಈಯುವ ವಾರ ಮೊದಲೇ ಗೊತ್ತಾಗುತ್ತದೆ, ರಾತ್ರಿ ಎದ್ದು ನೋಡುವವರು ಯಾರು ಅಂತ ಮನೆಯಲ್ಲಿ ಪಾಳಿ ಹಾಕಿಕೊಳ್ಳಬಹುದು.

ಈಗ ನಾಲ್ಕು ಮನೆಯಲ್ಲಿ ಸೇರಿ 31 ಹೆಣ್ಣು, 4 ಬೀಜದ ಟಗರು ಇವೆ. ಕಳೆದ ಹಬ್ಬಕ್ಕೆ ಮುಂಚೆ 2018ರಲ್ಲಿ ಬಂದಿದ್ದವರೇ ಮತ್ತೆ ಬಂದಿದ್ದರು. ನೇರವಾಗಿ ಹೋಗಿ ಬೀಜದ ಟಗರಿನ ಬೆನ್ನ ಮೇಲೆ ಕೈಯಿಟ್ಟರು. ಇದು ಕೊಡುವುದಲ್ಲ ಅಂದೆ. ಯಾಕೆ ಅಂತ ಕೇಳಿದ್ದಕ್ಕೆ ಮಗಳು ಪುಸ್ತಕ ತಂದು ತೋರಿಸಿದಳು. ಅವರು ನಿಧಾನವಾಗಿ ಹಾಳೆ ತಿರುಗಿಸಿ ನೋಡಿದರು. ಆಮೇಲೆ ಎರಡನೇ ನಂಬರಿನ ಮರಿಗೆ 24 ಸಾವಿರ ಕೊಟ್ಟು, ಹೊರಡುವಾಗ ಅತ್ತೆಗೆ ಹೇಳಿದರು: “ಆ ಟಗರಿನ ಮರಿ ಮುಂದಿನ ವರ್ಷ ನಮಗೇ ಇಡಿ, ಅಮ್ಮ.” ಯುಗಾದಿ ಕಳೆದ ಮೇಲೆ ಆ ಟಗರು ಅಜ್ಜಿಯ ಮನೆಗೆ ಹೋಗುತ್ತದೆ. ಅಜ್ಜಿ ಈಗಲೇ ಅದಕ್ಕೆ ಅಂತ ಅಗಸೆ ಗಿಡ ನೆಟ್ಟಿದ್ದಾರೆ.