ಕುಮಟಾದಿಂದ ಮುಂಡಗೋಡಕ್ಕೆ: ಯಾವ ಪಿಕಳಾರ ಎಲ್ಲಿ, ಏಕೆ?

ಕುಮಟಾದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ದೇವಿಮನೆ ಘಟ್ಟ ಹತ್ತಿ, ಶಿರಸಿ ದಾಟಿ ಮುಂಡಗೋಡ ಮುಟ್ಟುವಷ್ಟರಲ್ಲಿ ಅದು ಅರ್ಧಕ್ಕೂ ಕೆಳಗೆ ಇಳಿದಿರುತ್ತದೆ. ಹಕ್ಕಿಗಳ ನೆಲೆಯನ್ನು ಗೊತ್ತುಮಾಡುವುದು ಮಳೆಯೋ, ತಮ್ಮತಮ್ಮೊಳಗಿನ ಪೈಪೋಟಿಯೋ ಎಂದು ನೋಡಬೇಕಿದ್ದರೆ ಈ ದಾರಿ ಹಿಡಿಯಿರಿ.

ಮೊದಲು ಒಂದು ಜೋಡಿ ಆರಿಸಿಕೊಳ್ಳಿ. ಹತ್ತಿರದ ಸಂಬಂಧದ, ಒಂದೇ ಬಗೆಯ ಆಹಾರ ತಿನ್ನುವ ಹಕ್ಕಿಗಳಾಗಬೇಕು. ಮಂಗಟ್ಟೆಯ (ಹಾರ್ನ್‌ಬಿಲ್) ಮೇಲೆ ಎಲ್ಲರಿಗೂ ಆಸೆ, ಆದರೆ ಅದು ಸಿಗುವುದು ಅಪರೂಪ, ಲೆಕ್ಕಕ್ಕೆ ಸಾಲದು. ಪಿಕಳಾರವೇ (ಬುಲ್‌ಬುಲ್) ಸರಿ. ಕೆಮ್ಮೀಸೆ ಪಿಕಳಾರಕ್ಕೆ ನೆಟ್ಟಗಿನ ಚೂಪು ಜುಟ್ಟು, ಬಿಳಿ ಕೆನ್ನೆ, ಕಣ್ಣಿನ ಹಿಂದೆ ಕೆಂಪು ಮಚ್ಚೆ. ಕೆಂಪು ಕಿಬ್ಬೊಟ್ಟೆಯ ಪಿಕಳಾರಕ್ಕೆ ಕಪ್ಪು ತಲೆ (ಮುಂದೆ ಇದನ್ನೇ ಕರಿತಲೆಯದು ಎನ್ನೋಣ), ಮೈಮೇಲೆ ಹುರುಪೆಯಂಥ ಗೆರೆ, ಹಾರುವಾಗ ಬಾಲದ ಮೇಲ್ಬುಡದಲ್ಲಿ ಬಿಳಿ. ಬಾಲದಡಿಯ ಕೆಂಪು ಎರಡಕ್ಕೂ ಇದೆ, ಅದನ್ನು ನಂಬಬೇಡಿ. ಮರಿ ಕೆಮ್ಮೀಸೆಗೆ ಕೆನ್ನೆಯ ಕೆಂಪು ಇನ್ನೂ ಬಂದಿರುವುದಿಲ್ಲ, ಜುಟ್ಟು ನೋಡಿ.

ಆಮೇಲೆ ದಾರಿಯುದ್ದಕ್ಕೂ ನಿಲ್ಲುವ ಜಾಗ ಗುರುತಿಸಿ. ಬೆಳಿಗ್ಗೆಯೇ ಹೋಗಿ, ಪ್ರತಿ ಕಡೆ ಹತ್ತು ನಿಮಿಷ ನಿಲ್ಲಿ. ಒಂದೇ ಬೆಳಗಿನಲ್ಲಿ ಮುಗಿಯದು, ಎರಡು-ಮೂರು ದಿನಕ್ಕೆ ಹಂಚಿಕೊಳ್ಳಿ. ಕಂಡ ಹಕ್ಕಿಯ ಜತೆ ಕಾಣದ ಹಕ್ಕಿಯನ್ನೂ ಬರೆಯಿರಿ. "ಕರಿತಲೆಯದು ಇಲ್ಲ" ಎಂಬ ಸಾಲಿಲ್ಲದಿದ್ದರೆ ಇಡೀ ಪಟ್ಟಿ ದಂಡ. ಸುತ್ತ ಇರುವುದು ಅಡಿಕೆ ತೋಟವೋ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವೋ, ಗದ್ದೆಯೋ, ಕುರುಚಲು ಗುಡ್ಡವೋ ಅದೂ ಇರಲಿ. ಹಕ್ಕಿಯ ಮೇಲೆ ಮಳೆ ನೇರವಾಗಿ ಮಾಡುವ ಪರಿಣಾಮಕ್ಕಿಂತ ಕಾಡಿನ ಮೂಲಕ, ಹಣ್ಣು-ಹುಳಗಳ ಮೂಲಕ ಮಾಡುವುದೇ ಹೆಚ್ಚು. ತೇವದ, ಮರ ದಟ್ಟವಿರುವ ಕಡೆ ಕೆಮ್ಮೀಸೆಯದೇ ದರ್ಬಾರು. ಬಯಲುಸೀಮೆಗೆ ಹತ್ತಿರವಾದಂತೆ, ಬಯಲು ತೆರೆದುಕೊಂಡಂತೆ ಕರಿತಲೆಯದು ಹೆಚ್ಚುತ್ತದೆ.

ಇಷ್ಟಕ್ಕೇ ಮಳೆಯೇ ಕಾರಣ ಎಂದು ತೀರ್ಪು ಕೊಡಬೇಡಿ. ಶ್ರೀಲಂಕಾದಲ್ಲಿ ಕೆಮ್ಮೀಸೆ ಪಿಕಳಾರವೇ ಇಲ್ಲ. ಅಲ್ಲಿ ಕರಿತಲೆಯ ಪಿಕಳಾರ ಒಣ ಪ್ರದೇಶದಲ್ಲಷ್ಟೇ ಅಲ್ಲ, ಜಡಿಮಳೆಯ ನೈಋತ್ಯ ಭಾಗದ ಮನೆಯಂಗಳದಲ್ಲೂ ಧಾರಾಳವಾಗಿದೆ. ಅಂದರೆ ಹೆಚ್ಚು ಮಳೆ ಅದಕ್ಕೆ ಸಹಿಸಲಾಗದ್ದೇನಲ್ಲ. ಇಲ್ಲಿ ಅದನ್ನು ಹಿಂದಕ್ಕೆ ತಳ್ಳಿರುವುದರಲ್ಲಿ ನೆಂಟ ಕೆಮ್ಮೀಸೆಯ ಪಾಲೂ ಇರಬಹುದು ಎಂಬ ಅನುಮಾನಕ್ಕೆ ಇದು ಬಲವಾದ ಆಧಾರ. ಪೈಪೋಟಿಯನ್ನು ಹುಡುಕುವ ಕ್ರಮವೇ ಇದು: ಮಳೆ, ಮರಗಿಡ ಹೆಚ್ಚುಕಡಿಮೆ ಒಂದೇ ಇದ್ದು, ಎದುರಾಳಿ ಮಾತ್ರ ಇಲ್ಲದ ಜಾಗವನ್ನು ಹೋಲಿಸಿ ನೋಡುವುದು.

ನಮ್ಮ ದಾರಿಯಲ್ಲಿ ಪೈಪೋಟಿಯನ್ನು ಕಣ್ಣಾರೆ ನೋಡಲು ತಕ್ಕ ಜಾಗ ಶಿರಸಿ-ಮುಂಡಗೋಡದ ನಡುವಿನದು, ಎರಡೂ ಹಕ್ಕಿ ಸಿಗುವ ಪಟ್ಟಿ. ಹಣ್ಣುಬಿಟ್ಟ ಆಲ, ಬಸರಿ ಕಂಡರೆ ಅಲ್ಲೇ ಹೆಚ್ಚು ಹೊತ್ತು ನಿಲ್ಲಿ. ಯಾವುದು ಯಾವುದನ್ನು ಅಟ್ಟಿತು, ಯಾವುದು ಕೊಂಬೆ ಬಿಟ್ಟು ಎದ್ದಿತು, ಬರೆದುಕೊಳ್ಳಿ. ಮಾರ್ಚ್‌ನಿಂದ ಮೇವರೆಗೆ ಗೂಡು ಕಟ್ಟುವ ಕಾಲ, ಜಗಳ ಕಣ್ಣಿಗೆ ಬೀಳುವುದೂ ಆಗಲೇ. ಗೂಡಿನ ಹತ್ತಿರ ಮಾತ್ರ ಹೋಗಬೇಡಿ, ಕಾಗೆಗೆ ದಾರಿ ತೋರಿಸಿದಂತಾಗುತ್ತದೆ.

ಪಟ್ಟಿಯನ್ನು ಮೊಬೈಲಿನಲ್ಲಿ ಹಕ್ಕಿ ದಾಖಲಿಸುವ ಆ್ಯಪ್ ಇ-ಬರ್ಡ್‌ಗೆ ಹಾಕಿ. ಮಳೆಗಾಲ ಕಳೆದ ಮೇಲೆ ಅದೇ ಜಾಗ, ಅದೇ ಹೊತ್ತಿಗೆ ಇನ್ನೊಮ್ಮೆ ಎಣಿಸಿ. ಎರಡೂ ಹಕ್ಕಿ ಬೆರೆಯುವ ಪಟ್ಟಿ ಪೂರ್ವಕ್ಕೋ ಪಶ್ಚಿಮಕ್ಕೋ ಸರಿದಿದೆಯೇ ಎಂದು ಆಗ ಗೊತ್ತಾಗುತ್ತದೆ.