ಎಸ್ಟೀಮ್ ಡ್ರ್ಯಾಗ್ ಕಾರಿಗೆ ಬ್ಲಾಕ್ ಹುಡುಕಿದ್ದು: ನನ್ನ ಅನುಭವ

"ಏನ್ ಗುರು, ಬೋರ್ ದೊಡ್ಡದು ಮಾಡಿಸ್ದೆ ಡ್ರ್ಯಾಗ್‌ಗೆ ಇಳೀತೀಯಾ?" ಎಂದವರೇ ಎಲ್ಲ, ನನ್ನ ಮಾರುತಿ ಎಸ್ಟೀಮನ್ನು ಡ್ರ್ಯಾಗ್‌ಗೆ, ಅಂದರೆ ಕಾಲು ಮೈಲಿಯ ನೇರ ಓಟಕ್ಕೆ, ಸಜ್ಜು ಮಾಡುವಾಗ. ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ವ್ಯಾಸ. ಮೊದಲು ನಾನೂ ಅವರ ಮಾತು ಕೇಳಿದೆ. 1.3 ಲೀಟರ್ ಎಂಜಿನ್ನಿನ ಬ್ಲಾಕನ್ನು (ಸಿಲಿಂಡರ್‌ಗಳಿರುವ ಒಡಲು) 74ರಿಂದ 75.5 ಮಿ.ಮೀ.ಗೆ ಕೊರೆಸಿದೆ. ಸಿಲಿಂಡರಿನ ಒಳಗೋಡೆಯಾದ ಲೈನರ್ ತೆಳುವಾಯಿತು. ಆರೇಳು ಓಟಕ್ಕೇ ಬೋರ್ ಮೊಟ್ಟೆಯಾಕಾರಕ್ಕೆ ತಿರುಗಿ ಡಿಪ್‌ಸ್ಟಿಕ್ ಪೈಪಿನಿಂದ ಹೊಗೆ ಬಂತು. ಪಿಸ್ಟನ್, ಲೇತ್ ಕೂಲಿ, ಗ್ಯಾಸ್ಕೆಟ್ ಸೇರಿ 40 ಸಾವಿರದ ಹತ್ತಿರ ನೀರಿಗೆ ಹೋಯಿತು. ಲೆಕ್ಕ ಹಾಕಿ ನೋಡಿ: 1 ಮಿ.ಮೀ. ಕೊರೆದರೆ ಸಿಗುವುದು 35 ಸಿಸಿ ಅಷ್ಟೇ!

ಎರಡನೆಯ ಬ್ಲಾಕನ್ನು ಶಿವಾಜಿನಗರದ ಗುಜರಿಯಲ್ಲಿ 6 ಸಾವಿರಕ್ಕೆ ತಂದೆ. ಹೊರಗೆ ಫಳಫಳ. ಯಾವಾಗಲೋ ಹೀಟಾಗಿ ಮೇಲ್ಮೈ ಬಾಗಿತ್ತು, ಸ್ಟ್ರೈಟ್ ಎಡ್ಜ್ (ನೇರ ಉಕ್ಕಿನ ಪಟ್ಟಿ) ಇಟ್ಟು ನೋಡಲಿಲ್ಲ, ತಪ್ಪು ನನ್ನದೇ. ಮೂರನೇ ಓಟಕ್ಕೆ ನೀರು ಸೇರಿ ಆಯಿಲ್ ಹಾಲು ಬೆರೆಸಿದ ಚಹಾದಂತಾಯಿತು.

ಹಳೆಯ ಬಲೆನೊದ 1.6 ಲೀಟರ್ ಎಂಜಿನ್ ಹಾಕು ಎಂದರು. ಅದರ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 90 ಮಿ.ಮೀ., ನಮ್ಮದು 75.5. ನನಗೆ ನಿಮಿಷಕ್ಕೆ 7500 ಸುತ್ತಿನ ಮೇಲೆ ತಿರುಗಿಸಬೇಕಿತ್ತು. ಅಷ್ಟು ಉದ್ದದ ಸ್ಟ್ರೋಕಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 22.5 ಮೀಟರ್ ದಾಟುತ್ತದೆ. ಪಿಸ್ಟನ್ ಹಿಡಿಯುವ ರಾಡ್ ಬದಲಿಸಲು ದುಡ್ಡಿರಲಿಲ್ಲ, ಬಿಟ್ಟೆ.

ಕೊನೆಗೆ ಸಿಕ್ಕಿದ್ದು ಹಿಂದಿನಿಂದ ಗುದ್ದಿಸಿಕೊಂಡ, ಒಬ್ಬರೇ ಓಡಿಸಿದ ಎಸ್ಟೀಮ್‌ನದು. ಸುಮಾರು 90 ಸಾವಿರ ಕಿ.ಮೀ. ಓಡಿತ್ತು, ಬೋರ್ ಮುಟ್ಟಿರಲಿಲ್ಲ. ನಾನು ಮೊದಲು ನೋಡಿದ್ದು ವೆಲ್ಚ್ ಪ್ಲಗ್ (ನೀರಿನ ಹಾದಿಯ ತೂತಿಗೆ ಬಡಿದ ಲೋಹದ ಮುಚ್ಚಳ) ತೆಗೆದು ಒಳಗೆ. ಬರೀ ನಲ್ಲಿ ನೀರಿನಲ್ಲಿ ಓಡಿದ್ದರೆ ಅಲ್ಯೂಮಿನಿಯಂ ತಿಂದು ಗುಳಿ ಬಿದ್ದಿರುತ್ತದೆ. ಇದರಲ್ಲಿ ಕೂಲಂಟ್ ಬಣ್ಣ ಇನ್ನೂ ಇತ್ತು. 14 ಸಾವಿರ ಕೇಳಿದರು, ಚೌಕಾಸಿ ಮಾಡದೆ ಕೊಟ್ಟೆ.

ಕೊರೆಸಿದ್ದು ಪಾಯಿಂಟ್ 25 ಮಿ.ಮೀ. ಮಾತ್ರ. ಹೋನಿಂಗ್‌ಗೆ (ಕಲ್ಲಿನಿಂದ ಬೋರ್ ಉಜ್ಜಿ ನಯ ಮಾಡುವುದು) ಮುಂಚೆ 40 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟ್ ಮಾಡಿಸಿ, ಹೆಡ್ ಬಿಗಿಯುವಷ್ಟೇ ಟಾರ್ಕಿಗೆ ಬ್ಲಾಕಿನ ಮೇಲೆ ಬಿಗಿದೆ. ಹೆಡ್ ಕೂತಾಗ ಬೋರ್ ಹೇಗೆ ಎಳೆದುಕೊಳ್ಳುತ್ತದೋ ಹಾಗೆಯೇ ಎಳೆದುಕೊಂಡು, ಆ ಸ್ಥಿತಿಯಲ್ಲೇ ದುಂಡಗಾಯಿತು. ಲೇತ್‌ನವರು ತಲೆ ಕೆರೆದುಕೊಂಡರು. ಕೊನೆಯ ಕಲ್ಲು ಯಾವುದು, ರಿಂಗ್ ಗ್ಯಾಪ್ ಎಷ್ಟು ಎಂಬುದು ನನ್ನಲ್ಲೇ ಇರಲಿ.

ನಡುವೆ ಆ ಬಾಗಿದ ಬ್ಲಾಕಿನ ಮೇಲ್ಮೈ ಸಮ ಮಾಡಿಸಿ, ನೀರಿನ ಹಾದಿಗೆ ಅರ್ಧ ಮಟ್ಟ ಗ್ರೌಟ್ (ಸಿಮೆಂಟಿನಂತೆ ಗಟ್ಟಿಯಾಗುವ ಗಾರೆ) ತುಂಬಿಸಿಯೂ ನೋಡಿದೆ, ಅಮೆರಿಕದವರು ಮಾಡುವಂತೆ. ಗೋಡೆ ಗಟ್ಟಿಯಾಗುವುದು ನಿಜ. ಆದರೆ ಸಾಲಿನಲ್ಲಿ ಹತ್ತು ನಿಮಿಷ ಕಾಯುವಷ್ಟರಲ್ಲಿ ಹೀಟ್ ಮುಳ್ಳು ಕೆಂಪಿಗೆ ಏರುತ್ತದೆ. ಎಂಜಿನ್ ಓಡಿಸದೆ ಟ್ರೇಲರಿನಲ್ಲಿ ಕಾರು ತರುವವರಿಗೆ ಅದು.

ಹದಿನೆಂಟು ಸೆಕೆಂಡಿನ ಆಸುಪಾಸಿನಲ್ಲಿದ್ದ ಕಾಲು ಮೈಲಿ 15.9ಕ್ಕೆ ಇಳಿಯಿತು. ಕ್ಯಾಮ್, ತೂಕ ಇಳಿಸಿದ್ದೂ ಅದರಲ್ಲಿ ಸೇರಿದೆ, ಆದರೆ ಮೂವತ್ತಕ್ಕೂ ಹೆಚ್ಚು ಓಟವಾದರೂ ಕಂಪ್ರೆಷನ್ ನಾಲ್ಕು ಸಿಲಿಂಡರಿನಲ್ಲೂ ಒಂದೇ ಸಮ ನಿಂತಿದೆ. ಬೋರ್ ದೊಡ್ಡದು ಮಾಡಿಸು ಎಂದವರೇ ಈಗ ಆ ಪ್ಲೇಟನ್ನು ಎರಡು ಸಲ ಕೇಳಿ ಒಯ್ದಿದ್ದಾರೆ.