ಹೊಸ ಬಿಡಿಭಾಗ ಹಾಕಿಸಿದ ಮೇಲೆ ಫ್ಲೈಟ್ ಸಿಮ್ಯುಲೇಟರ್ ತಡವರಿಸಿದರೆ

ಕಳೆದ ಬೇಸಿಗೆಯಲ್ಲಿ ನನ್ನ ಕಂಪ್ಯೂಟರಿಗೆ ಹುಬ್ಬಳ್ಳಿಯಲ್ಲಿ ಹೊಸ ಮದರ್‌ಬೋರ್ಡ್, ಪ್ರೊಸೆಸರ್ ಮತ್ತು ರ‍್ಯಾಮ್ ಹಾಕಿಸಿಕೊಂಡು ಧಾರವಾಡದ ಮನೆಗೆ ತಂದೆ. ಅದೇ ಸಂಜೆ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಂಬ ವಿಮಾನ ಹಾರಿಸುವ ಆಟವನ್ನು ತೆರೆದು ನೋಡಿದರೆ, ಹಳೆಯ ಭಾಗಗಳಿದ್ದಾಗ ಸೆಕೆಂಡಿಗೆ 40 ಫ್ರೇಮುಗಳ, ಅಂದರೆ ಪರದೆಯ ಮೇಲೆ ಮೂಡುವ 40 ಚಿತ್ರಗಳ, ಆಸುಪಾಸಿನಲ್ಲಿ ಸಾಗುತ್ತಿದ್ದ ಹಾರಾಟ 28ಕ್ಕೆ ಕುಸಿದಿತ್ತು. ಅಂಗಡಿಗೆ ಫೋನ್ ಮಾಡಿದಾಗ, "ಎಲ್ಲಾ ಹೊಸಾದ ಹಾಕೇವ್ರಿ ಸರ್, ಗೇಮ್ ಸೆಟ್ಟಿಂಗ್ ಒಂಚೂರು ಕಡಿಮಿ ಮಾಡಿ ನೋಡ್ರಿ" ಎಂಬ ಉತ್ತರ ಬಂತು. ಸೆಟ್ಟಿಂಗ್ ಇಳಿಸಿದರೆ ಫ್ರೇಮುಗಳು ಏರುವುದು ನಿಜವಾದರೂ, ಹೊಸ ಭಾಗ ತನ್ನ ಪೂರ್ಣ ವೇಗದಲ್ಲಿ ಓಡುತ್ತಿದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿದುಬಿಡುತ್ತದೆ. ಆದ್ದರಿಂದ ಆ ಸಲಹೆಯನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು.

ಮೊದಲು ಅಳತೆಗೋಲೊಂದು ಬೇಕು. ಪ್ರತಿ ಸಲ ಬೇರೆ ಊರಿನ ಮೇಲೆ, ಬೇರೆ ಹವೆಯಲ್ಲಿ ಹಾರಿ ನೋಡಿದರೆ ಯಾವ ಅಂಕಿಯನ್ನೂ ಇನ್ನೊಂದರೊಂದಿಗೆ ಹೋಲಿಸಲಾಗದು. ನಾನು ಗೋಕುಲ ರಸ್ತೆಯ ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಸೆಸ್ನಾ 172 ವಿಮಾನದಲ್ಲಿ ಬೆಳಗಿನ ಒಂಬತ್ತು ಗಂಟೆಯ ನಿಚ್ಚಳ ಆಕಾಶದಲ್ಲಿ ಮೇಲೇರಿ, ಉಣಕಲ್ ಕೆರೆಯನ್ನು ದಾಟಿ ಧಾರವಾಡದ ಕಡೆಗೆ ಐದು ನಿಮಿಷ ಹಾರುತ್ತೇನೆ. ನೈಜ ಹವಾಮಾನ ಮತ್ತು ಇತರ ವಿಮಾನಗಳ ಸಂಚಾರ ಎರಡನ್ನೂ ನಿಲ್ಲಿಸಿರುತ್ತೇನೆ, ಏಕೆಂದರೆ ಅವು ದಿನದಿಂದ ದಿನಕ್ಕೆ ಬದಲಾಗುತ್ತವೆ. ಮುಂಬೈಯಂಥ ಕಿಕ್ಕಿರಿದ ನಗರದ ಮೇಲೆ ಅಳೆಯುವ ಆಸೆ ಸಹಜವೇ ಆದರೂ, ಅಲ್ಲಿ ಕಟ್ಟಡಗಳ ದತ್ತಾಂಶ ಇಂಟರ್ನೆಟ್ಟಿನಿಂದ ಇಳಿದು ಬರುವ ವೇಗವೂ ಲೆಕ್ಕದೊಳಗೆ ಸೇರಿಕೊಂಡು ಗೊಂದಲವಾಗುತ್ತದೆ.

ಎರಡನೆಯದಾಗಿ, ತಡೆಯುತ್ತಿರುವುದು ಯಾವುದು ಎಂದು ಕಂಡುಕೊಳ್ಳಬೇಕು. ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಅಂಕಿ) ತೋರಿಸುವ ಕಿಟಕಿಯನ್ನು ತೆರೆದರೆ, ಮೇನ್ ಥ್ರೆಡ್ (ಪ್ರೊಸೆಸರಿನಲ್ಲಿ ಒಂದರ ನಂತರ ಒಂದಾಗಿ ನಡೆಯುವ ಮುಖ್ಯ ಕೆಲಸದ ಸರಣಿ) ತಡೆಯುತ್ತಿದೆಯೋ ಜಿಪಿಯು (ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿನ ಚಿಪ್) ತಡೆಯುತ್ತಿದೆಯೋ ಎಂಬುದನ್ನು ಅದೇ ಬರೆದು ತೋರಿಸುತ್ತದೆ. ಎಕ್ಸ್-ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರ್ ಬಳಸುವವರು ಡೇಟಾ ಔಟ್‌ಪುಟ್ ಪುಟದಲ್ಲಿ ಫ್ರೇಮ್ ರೇಟ್ ಸಾಲನ್ನು ಗುರುತು ಹಾಕಿದರೆ ಪ್ರೊಸೆಸರ್ ಮತ್ತು ಜಿಪಿಯು ತೆಗೆದುಕೊಳ್ಳುವ ಸಮಯ ಪ್ರತ್ಯೇಕವಾಗಿ ಕಾಣುತ್ತದೆ. ಸೆಕೆಂಡಿಗೆ 30 ಫ್ರೇಮ್ ಬೇಕಾದರೆ ಪ್ರತಿ ಫ್ರೇಮಿಗೆ ಸುಮಾರು 33 ಮಿಲಿಸೆಕೆಂಡು, 60 ಬೇಕಾದರೆ ಸುಮಾರು 17 ಮಿಲಿಸೆಕೆಂಡು ಮಾತ್ರ ಸಿಗುತ್ತದೆಂಬುದನ್ನು ನೆನಪಿಟ್ಟುಕೊಂಡರೆ ಆ ಅಂಕಿಗಳನ್ನು ಓದುವುದು ಸುಲಭ. ಇನ್ನೂ ಒರಟಾದ ಪರೀಕ್ಷೆಯೊಂದಿದೆ: ರೆಂಡರ್ ಸ್ಕೇಲನ್ನು (ಚಿತ್ರ ಬಿಡಿಸುವ ರೆಸಲ್ಯೂಶನ್ನಿನ ಶೇಕಡಾ ಪ್ರಮಾಣ) ನೂರರಿಂದ ಐವತ್ತಕ್ಕೆ ಇಳಿಸಿದಾಗಲೂ ಫ್ರೇಮುಗಳು ಏರದಿದ್ದರೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ಸಂಶಯಪಡುವ ಅಗತ್ಯವಿಲ್ಲ.

ನನ್ನಲ್ಲಿ ಕಂಡದ್ದು ಮೇನ್ ಥ್ರೆಡ್. ಇಂಥ ಸಂದರ್ಭದಲ್ಲಿ ಎಲ್ಲರೂ ಪ್ರೊಸೆಸರನ್ನು ದೂರುತ್ತಾರೆ, ಆದರೆ ಮೊದಲು ನೋಡಬೇಕಾದದ್ದು ರ‍್ಯಾಮನ್ನು. ಫ್ಲೈಟ್ ಸಿಮ್ಯುಲೇಟರಿನ ಮುಖ್ಯ ಕೆಲಸ ಒಂದೇ ಥ್ರೆಡ್ಡಿನ ಮೇಲೆ ಬೀಳುತ್ತದೆ, ಮತ್ತು ಆ ಥ್ರೆಡ್ ನೆಲ, ಹವೆ, ವಿಮಾನದ ವ್ಯವಸ್ಥೆಗಳೆಂದು ಮೆಮೊರಿಯಲ್ಲಿ ಚದುರಿಹೋದ ದತ್ತಾಂಶಕ್ಕಾಗಿ ಮತ್ತೆ ಮತ್ತೆ ಕೈಚಾಚುತ್ತದೆ. 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಪ್ರೊಸೆಸರ್ ಸಿಮ್ಯುಲೇಟರ್ ಪ್ರಿಯರ ಮೆಚ್ಚುಗೆ ಗಳಿಸಿದ್ದು ಅದರ ಗಡಿಯಾರದ ವೇಗದಿಂದ (ಕ್ಲಾಕ್ ಸ್ಪೀಡ್) ಅಲ್ಲ, ಅದರೊಳಗಿನ 96 ಎಂಬಿ ಎಲ್3 ಕ್ಯಾಶಿನಿಂದ (ಪ್ರೊಸೆಸರಿನೊಳಗೇ ಇರುವ ವೇಗದ ಮೆಮೊರಿ). ಮದರ್‌ಬೋರ್ಡ್ ಬದಲಾದಾಗ, ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಆದಾಗ ಅಥವಾ ಬಯೋಸ್ ಬ್ಯಾಟರಿ ತೆಗೆದು ಹಾಕಿದಾಗ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆ, ಅಂದರೆ ರ‍್ಯಾಮನ್ನು ಡಬ್ಬಿಯ ಮೇಲೆ ಬರೆದ ವೇಗದಲ್ಲಿ ಓಡಿಸುವ ಆಯ್ಕೆ, ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಹೀಗಾದಾಗ ಡಬ್ಬಿಯ ಮೇಲೆ 3200 ಎಂದು ಬರೆದಿರುವ ಡಿಡಿಆರ್ 4 ರ‍್ಯಾಮ್ 2133 ಅಥವಾ 2400ರಲ್ಲಿ ಓಡುತ್ತಿರಬಹುದು, 6000 ಎಂದು ಬರೆದಿರುವ ಡಿಡಿಆರ್ 5 ರ‍್ಯಾಮ್ 4800ರಲ್ಲಿ ಓಡುತ್ತಿರಬಹುದು. ಕಂಪ್ಯೂಟರ್ ಏನೂ ದೂರುವುದಿಲ್ಲ, ವಿಂಡೋಸ್ ಎಂದಿನಂತೆಯೇ ತೆರೆದುಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿಯ ವೇಗವನ್ನು ನೋಡಿ, ಅಂಕಿ ಕಡಿಮೆಯಿದ್ದರೆ ಬಯೋಸಿಗೆ ಹೋಗಿ ಆ ಆಯ್ಕೆಯನ್ನು ಆನ್ ಮಾಡಬೇಕು.

ಕ್ಯಾಬಿನೆಟ್ ತೆರೆದು ಸ್ಲಾಟುಗಳನ್ನೂ ನೋಡಬೇಕು. ನಾಲ್ಕು ಸ್ಲಾಟುಗಳ ಬೋರ್ಡಿನಲ್ಲಿ ಎರಡು ರ‍್ಯಾಮ್ ಕಡ್ಡಿಗಳಿದ್ದರೆ ಅವು ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿರಬೇಕು. ಮೊದಲೆರಡು ಅಥವಾ ಕೊನೆಯೆರಡು ಸ್ಲಾಟುಗಳಲ್ಲಿ ಅಕ್ಕಪಕ್ಕ ಕೂತಿದ್ದರೆ ಎರಡೂ ಒಂದೇ ಚಾನೆಲಿನಲ್ಲಿ (ದತ್ತಾಂಶ ಸಾಗುವ ಹಾದಿಯಲ್ಲಿ) ಓಡಿ, ಬ್ಯಾಂಡ್‌ವಿಡ್ತ್ ಅರ್ಧಕ್ಕೆ ಇಳಿಯುತ್ತದೆ. ನನ್ನವು ಅಕ್ಕಪಕ್ಕದಲ್ಲೇ ಇದ್ದವು. ಅವಸರದಲ್ಲಿ ಜೋಡಿಸಿದವರು ಕೈಗೆಟುಕಿದ ಕಡೆ ಹಾಕಿರಬೇಕು.

ಜಿಪಿಯು ತಡೆಯುತ್ತಿದೆಯೆಂದು ಕಂಡುಬಂದರೆ ಹಾದಿ ಬೇರೆ. ನಗು ಬರಿಸಿದರೂ ಸರಿಯೇ, ಮಾನಿಟರಿನ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಿದೆಯೇ ಅಥವಾ ಮದರ್‌ಬೋರ್ಡಿನ ಪೋರ್ಟಿಗೋ ಎಂದು ಮೊದಲು ನೋಡಿ. ಆಮೇಲೆ ಕಾರ್ಡ್ ಮೇಲಿನ ಉದ್ದನೆಯ ಸ್ಲಾಟಿನಲ್ಲಿದೆಯೇ ಎಂದು ನೋಡಿ, ಏಕೆಂದರೆ ಕೆಳಗಿನದು ನೋಡಲು ಅಷ್ಟೇ ಉದ್ದವಾಗಿದ್ದರೂ ಅನೇಕ ಬೋರ್ಡುಗಳಲ್ಲಿ ಅದಕ್ಕೆ ನಾಲ್ಕೇ ಲೇನುಗಳು (ದತ್ತಾಂಶ ಸಾಗುವ ದಾರಿಗಳು) ಇರುತ್ತವೆ. ಜಿಪಿಯು-ಝಡ್ ತಂತ್ರಾಂಶದಲ್ಲಿ ಲೇನುಗಳ ಸಂಖ್ಯೆ ಕಾಣುತ್ತದೆ. ಕಾರ್ಡ್ ಸುಮ್ಮನಿದ್ದಾಗ ವಿದ್ಯುತ್ ಉಳಿಸಲು ಪಿಸಿಐಇ (ಕಾರ್ಡಿಗೂ ಬೋರ್ಡಿಗೂ ನಡುವಿನ ಸಂಪರ್ಕ) ವೇಗವನ್ನು ಇಳಿಸಿಕೊಳ್ಳುವುದರಿಂದ, ಅದರಲ್ಲೇ ಇರುವ ರೆಂಡರ್ ಪರೀಕ್ಷೆಯನ್ನು ಓಡಿಸಿ ಓದಬೇಕು. ಒಂದು ಕಂಪನಿಯ ಕಾರ್ಡಿನಿಂದ ಇನ್ನೊಂದು ಕಂಪನಿಯ ಕಾರ್ಡಿಗೆ ಬದಲಾಗಿದ್ದರೆ, ಹಳೆಯ ಡ್ರೈವರನ್ನು ಸೇಫ್ ಮೋಡಿನಲ್ಲಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಬಳಸಿ ಪೂರ್ತಿ ತೆಗೆದು, ಹೊಸದನ್ನು ಹಾಕುವುದು ಒಳ್ಳೆಯದು. ಹೊಸ ಡ್ರೈವರ್ ಹಾಕಿದ ನಂತರದ ಮೊದಲ ಹಾರಾಟದಲ್ಲಿ ಶೇಡರುಗಳು (ಬೆಳಕು, ಬಣ್ಣ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂಗಳು) ಮತ್ತೆ ತಯಾರಾಗುವುದರಿಂದ ಅಲ್ಲಲ್ಲಿ ಚಿತ್ರ ನಿಂತು ನಿಂತು ಸಾಗಬಹುದು. ಆದ್ದರಿಂದ ಎರಡನೆಯ ಹಾರಾಟದ ಅಂಕಿಯನ್ನೇ ಬರೆದುಕೊಳ್ಳಿ.

ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಫ್ರೇಮುಗಳು ಇಳಿಯುತ್ತಿದ್ದರೆ ಅದು ಬಿಸಿಯ ಕಥೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಕೋಣೆಯೇ ಕಾದಿರುತ್ತದೆ, ಗದಗಿನ ಕಡೆ ಎರೆಮಣ್ಣಿನ ಧೂಳೂ ಸೇರಿಕೊಳ್ಳುತ್ತದೆ. ಎಚ್‌ಡಬ್ಲ್ಯುಇನ್ಫೋ ಎಂಬ ಉಷ್ಣತೆ, ವೇಗ ತೋರಿಸುವ ತಂತ್ರಾಂಶವನ್ನು ತೆರೆದಿಟ್ಟು ಹಾರಿ, ಪ್ರೊಸೆಸರಿನ ಉಷ್ಣತೆ ಮಿತಿಗೆ ಮುಟ್ಟಿದ ಕ್ಷಣದಲ್ಲೇ ಗಡಿಯಾರದ ವೇಗ ಕುಸಿಯುತ್ತಿದೆಯೇ ಎಂದು ಗಮನಿಸಬೇಕು. ಉದಾಹರಣೆಗೆ, ರೈಜನ್ 7 7700ಎಕ್ಸ್ ಪ್ರೊಸೆಸರಿಗೆ ಆ ಮಿತಿ 95 ಡಿಗ್ರಿ. ಕೂಲರಿನ ತಳಕ್ಕೆ ಅಂಟಿಸಿರುವ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಕೀಳದೆಯೇ ಕೂರಿಸುವುದು ಅಪರೂಪದ ತಪ್ಪೇನೂ ಅಲ್ಲ.

ವಿಂಡೋಸನ್ನೂ ಸಿಮ್ಯುಲೇಟರನ್ನೂ ಹೊಸದಾಗಿ ಹಾಕಿಸಿದ್ದರೆ ಇನ್ನೆರಡು ಮಾತು. ಮದರ್‌ಬೋರ್ಡಿನ ಚಿಪ್‌ಸೆಟ್ ಡ್ರೈವರನ್ನು ತಯಾರಕರ ತಾಣದಿಂದಲೇ ಹಾಕಿಕೊಳ್ಳಿ. ಸಿಮ್ಯುಲೇಟರ್ ಹೊಸ ಯಂತ್ರಾಂಶವನ್ನು ನೋಡಿ ಗುಣಮಟ್ಟವನ್ನು ತಾನೇ ಆರಿಸಿಕೊಂಡಿರುವುದರಿಂದ, ಹಳೆಯ ಆಯ್ಕೆಗಳನ್ನು, ಮುಖ್ಯವಾಗಿ ಮೇನ್ ಥ್ರೆಡ್ಡಿನ ಮೇಲೆ ಹೆಚ್ಚು ಹೊರೆ ಹಾಕುವ ಟೆರೇನ್ ಲೆವೆಲ್ ಆಫ್ ಡೀಟೇಲ್ (ನೆಲದ ವಿವರ ಎಷ್ಟು ದೂರದವರೆಗೆ ಕಾಣಬೇಕೆಂಬ) ಅಂಕಿಯನ್ನು, ಮೊದಲಿನಂತೆಯೇ ಇಡದೆ ಹೋಲಿಕೆ ಮಾಡಬೇಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ಐದು ನಿಮಿಷ ಮತ್ತೆ ಹಾರಿ, ಅಂಕಿ ಬರೆದಿಡಬೇಕು. ನನ್ನಲ್ಲಿ ಸ್ಲಾಟ್ ಬದಲಿಸಿದಾಗ 28 ಇದ್ದದ್ದು 39 ಆಯಿತು, ಎಕ್ಸ್‌ಎಂಪಿ ಆನ್ ಮಾಡಿದಾಗ 51 ಆಯಿತು. ಎಕ್ಸ್‌ಎಂಪಿ ಆನ್ ಮಾಡಿದ ಮೇಲೆ ಕಂಪ್ಯೂಟರ್ ತೆರೆದುಕೊಳ್ಳದಿದ್ದರೆ ಗಾಬರಿಯಾಗದೆ, ಬೋರ್ಡಿನ ಕೈಪಿಡಿಯಲ್ಲಿ ಹೇಳಿದಂತೆ ಸಿಮಾಸ್ (ಬಯೋಸ್ ಆಯ್ಕೆಗಳು ಉಳಿದಿರುವ ಮೆಮೊರಿ) ಅಳಿಸಿ, ಸ್ವಲ್ಪ ಕಡಿಮೆ ವೇಗ ಇಟ್ಟು ನೋಡಬಹುದು. ತೆರೆದುಕೊಂಡರೂ ಒಂದು ರಾತ್ರಿ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಓಡಿಸಿ ರ‍್ಯಾಮಿನಲ್ಲಿ ದೋಷವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆ ರಾತ್ರಿ ಯುಪಿಎಸ್ ಇರಲಿ, ಏಕೆಂದರೆ ನಡುವೆ ಕರೆಂಟ್ ಹೋದರೆ ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಹಚ್ಚಬೇಕಾಗುತ್ತದೆ. ನಾನು ಎರಡು ಸಲ ಹಚ್ಚಿದೆ.